ಅಂಟಿನುಂಡೆ

ಹೃದಯವನ್ನು ವರ್ಣಿಸಿದ ಕವಿಗಳುಂಟು, ಕಣ್ಣಿಗೆ ಉಪಮೆಗಳುಂಟು. ಹಗಲಿರುಳೆನ್ನದೆ ರಕ್ತವನ್ನು ಶೋಧಿಸುವ ಮೂತ್ರಪಿಂಡಗಳನ್ನು ಮಾತ್ರ ಯಾರೂ ನೆನೆಯರು. ಅವು ದಣಿದು ಕುಳಿತಾಗಲೇ ಮನೆಯವರಿಗೆ ಅವುಗಳ ಹೆಸರು ತಿಳಿಯುವುದು.

ಧಾರವಾಡದ ಕಡೆಯ ವೃದ್ಧ ರಾಯರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಬಹುಕಾಲದ ಮಧುಮೇಹವು ಮೂತ್ರಪಿಂಡಗಳನ್ನು ಸವೆಸಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಗತಿಯೇ ತಪ್ಪೀತೆಂದು ವೈದ್ಯರು ಎಳನೀರು, ಬಾಳೆಯಹಣ್ಣು, ಕೊಬ್ಬರಿಗಳನ್ನು ವರ್ಜಿಸಿ, ಬೇಳೆಯನ್ನೂ ಮಿತಗೊಳಿಸಿದರು. ರಾಯರು ವ್ರತದಂತೆ ನಡೆದುಕೊಂಡರು. ಆದರೆ ಹಣ್ಣುಕಾಯಿಗಳ ಸಂಗಡ ಅವುಗಳ ನಾರೂ ತಟ್ಟೆಯನ್ನು ಬಿಟ್ಟುಹೋದುದರಿಂದ ಮಲಬದ್ಧತೆಯೆಂಬ ಹೊಸ ಕ್ಲೇಶವು ಬಂದು ಸೇರಿತು.

ಜಾಲಿಯ ಜಾತಿಯ ಮರದ ಅಂಟು ಮೂತ್ರಪಿಂಡಕ್ಕೆ ಹಿತವೆಂದು ಗೃಹಿಣಿಯ ಕಿವಿಗೆ ಬಿತ್ತು. ಸೊಸೆಯ ಬಾಣಂತನಕ್ಕೆ ಅಂಟಿನುಂಡೆ ಕಟ್ಟಿದ ಕೈ ಆಕೆಯದು, ತಡವೇಕೆ? ತುಪ್ಪದಲ್ಲಿ ಅಂಟನ್ನು ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲಗಳನ್ನು ಬೆರಸಿ ಡಬ್ಬಿಯ ತುಂಬ ಉಂಡೆ ಕಟ್ಟಿದಳು. ಅಂದೇ ವೈದ್ಯರು ಮನೆಗೆ ಬಂದುದು ದೈವಯೋಗವೆನ್ನಬೇಕು.

"ತಾಯೀ, ನೀವು ಕೇಳಿದ್ದು ಸುಳ್ಳಲ್ಲ" ಎಂದರು ವೈದ್ಯರು. ಸುಡಾನ್ ದೇಶದ ಜನರು ಈ ರೋಗಕ್ಕೆ ಅರಬ್ಬೀ ಗೋಂದನ್ನು ಬಹುಕಾಲದಿಂದ ಬಳಸುತ್ತಿರುವರು. 1996ರಲ್ಲಿ ಅಮೆರಿಕದ ಸಂಶೋಧಕರು ಅಲ್ಪ ಪ್ರೋಟೀನಿನ ಪಥ್ಯದಲ್ಲಿದ್ದ 16 ಮಂದಿ ರೋಗಿಗಳಿಗೆ ದಿನಕ್ಕೆ 50 ಗ್ರಾಂ ಗೋಂದನ್ನು ಕೊಟ್ಟು ನೋಡಲು, ರಕ್ತದ ಯೂರಿಯಾ ಇಳಿದು, ಮಲದ ಮೂಲಕ ಹೋಗುವ ನೈಟ್ರೋಜನ್ ಹೆಚ್ಚಿತು. ನಮ್ಮ ಜಠರಾಗ್ನಿಗೆ ಪಕ್ವವಾಗದ ಈ ನಾರು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು. ಅವು ವೃದ್ಧಿಹೊಂದುವಾಗ ರಕ್ತದಿಂದ ಕರುಳಿಗೆ ಇಳಿದ ಯೂರಿಯಾದ ನೈಟ್ರೋಜನ್ನನ್ನು ತಮ್ಮ ದೇಹಕ್ಕೆ ಬಳಸಿಕೊಂಡು ಮಲದೊಡನೆ ಹೊರಬೀಳುವುವು. ನಾರು ದೊರೆಯದಿದ್ದರೆ ಅವು ಜೀರ್ಣವಾಗದುಳಿದ ಪ್ರೋಟೀನನ್ನೇ ಹೆಚ್ಚಾಗಿ ಕೊಳೆಯಿಸುವುವು. ಅದರಿಂದ ಹುಟ್ಟುವ ಇಂಡೋಲನ್ನು ಯಕೃತ್ತು ಇಂಡಾಕ್ಸಿಲ್ ಸಲ್ಫೇಟೆಂಬ ವಿಷವಾಗಿ ಮಾರ್ಪಡಿಸುವುದು. ಇದು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಳ್ಳುವುದರಿಂದ ಡಯಾಲಿಸಿಸ್ ಯಂತ್ರಕ್ಕೂ ಸುಲಭವಾಗಿ ಸಿಕ್ಕದು.

ಗೃಹಿಣಿಯ ಮುಖವರಳಿತು. ವೈದ್ಯರು ಡಬ್ಬಿಯ ಕಡೆ ನೋಡಿ ಮುಂದುವರಿಸಿದರು: "ಅಂಟು ಮಿತ್ರನೇ ಸರಿ, ಅದರ ಸಂಗಡಿಗರು ಶತ್ರುಗಳು. ಕೊಬ್ಬರಿ, ಉತ್ತತ್ತಿ, ಬೆಲ್ಲ ಮೂರರಲ್ಲಿಯೂ ಪೊಟ್ಯಾಸಿಯಂ ಉಂಟು; ಬೆಲ್ಲವಂತೂ ಮಧುಮೇಹಕ್ಕೆ ಆಗದು."

ನಾರಿನಿಂದ ರೋಗವೇ ನಿಲ್ಲುವುದೆಂದು ಸಿದ್ಧವಾಗಿಲ್ಲವೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಮ್ಮೆಗೇ ಹೆಚ್ಚಾಗಿ ಕೊಟ್ಟರೆ ಹೊಟ್ಟೆಯುಬ್ಬರ. ಇಸಬಗೋಲಿನಂಥವು ಸಾಕಷ್ಟು ನೀರನ್ನು ಬೇಡುವುವು, ಡಯಾಲಿಸಿಸ್ ರೋಗಿಗಳಲ್ಲಿ ಹಲವರಿಗೋ ನೀರೇ ಅಳತೆಯದು. ಆದಕಾರಣ ಯಾವ ನಾರು, ಎಷ್ಟು ಎಂಬುದನ್ನು ರಕ್ತಪರೀಕ್ಷೆಯನ್ನು ಕಂಡವರೇ ನಿರ್ಣಯಿಸಬೇಕು. ರಾಯರಿಗೆ ಅವರು ಶುದ್ಧವಾದ ಗೋಂದಿನ ಪುಡಿಯನ್ನು ಸ್ವಲ್ಪದಿಂದ ಆರಂಭಿಸುವಂತೆ ಬರೆದುಕೊಟ್ಟರು.

ವೈದ್ಯರು ಹೊರಟ ಬಳಿಕ ಗೃಹಿಣಿ ಬಹಳ ಹೊತ್ತು ಮೌನವಾಗಿದ್ದಳು. "ನನ್ನ ಕೈಯಿಂದಲೇ ನಿಮಗೆ ಕೇಡಾಗುತ್ತಿತ್ತಲ್ಲ" ಎಂದಳು. ರಾಯರು ನಕ್ಕು, "ಕೇಡೆಲ್ಲಿ ಆಯಿತು? ಉಂಡೆ ಮೊಮ್ಮಕ್ಕಳಿಗಾಯಿತು, ಅಂಟು ನನಗಾಯಿತು" ಎಂದರು.

ಪಥವನ್ನು ಬಿಡದಿರುವುದೇ ಪಥ್ಯವೆಂದು ಶಾಬ್ದಿಕರ ಮತ. ಪ್ರೀತಿಯೂ ಆ ಪಥದಲ್ಲಿ ನಡೆದರೇನೇ ಔಷಧವಾಗುವುದು. ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಲೋಟದ ನೀರನ್ನು ಅಳೆದು, ಪುಡಿಯನ್ನು ಕದಡಿ ಕೊಡುವ ಕೈ, ಹಿಂದೆ ಉಂಡೆ ಕಟ್ಟಿದ ಕೈಯೇ ಆಗಿದೆ.