ಬೀಗರು ಚೆಲ್ಲಿದ ಸಾರು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಳದ ವಾಷರ್ ಕೇಳಿ ನಿಂತಿದ್ದೆ. ಪಕ್ಕಕ್ಕೆ ಒಬ್ಬಾತ ಬಂದ. ಮೊಣಕಾಲಿನಿಂದ ಕೆಳಗೆ ಅವನ ಪ್ಯಾಂಟು ಬೂದುಬಣ್ಣದ ರಾಡಿ ಒಣಗಿ ಸೆಟೆದುಕೊಂಡಿತ್ತು. “ಆಗ್ಸಾಲಿಕ್ ಅರ್ಧ ಕಿಲೋ” ಅಂದ. ಅಂಗಡಿಯವರು ಮೂಲೆಯ ಚೀಲದಿಂದ ಬಿಳಿ ಹರಳು ಮೊಗೆದು ತಕ್ಕಡಿಗೆ ಸುರಿಯುತ್ತ, “ಯಾ ಪರಸಿಗಿ?” ಎಂದು ಕೇಳಿದರು. “ಶಹಾಬಾದಿಗೇ ರೀ. ಹಳೀ ಮನಿ, ಮದಿವಿ ಅದ.”

ಹಳೆಯ ಮನೆ, ಶಹಾಬಾದ್ ಪರಸಿ, ಮದುವೆ. ಈ ಮೂರೂ ಒಂದೇ ಉಸಿರಿನಲ್ಲಿ ಬಂದರೆ ನನಗೆ ಸೇಡಂ ಬೀಗರು ನೆನಪಾಗದೆ ಇರುವುದಿಲ್ಲ.

ಅವರಿಗಿಂತ ಮೊದಲು ಆಯಿಯ, ಅಂದರೆ ಅಪ್ಪನ ತಾಯಿಯ, ಮನೆ. ವಾಡಿಯಿಂದ ಚಿತ್ತಾಪುರದ ಕಡೆ ಹೊರಟರೆ ಎಡಬಲಕ್ಕೆ ಖಣಿಗಳು ಸಿಗುತ್ತವೆ. ಅಂಥ ಖಣಿಗಳ ನಡುವಿನ ಹಳ್ಳಿ ಅದು. ಆ ಕಡೆ ಕಲ್ಲನ್ನು ಒಡೆಯುವುದಿಲ್ಲ, ಎಬ್ಬಿಸುತ್ತಾರೆ. ಮೇಲಿನ ಎರಿಮಣ್ಣು ಸರಿಸಿದರೆ ಕೆಳಗೆ ಪದರು ಪದರಾಗಿ ಸುಣ್ಣಕಲ್ಲು. ಉಳಿಯಿಂದ ಗೆರೆ ಹೊಡೆದು ಸಬ್ಬಲ ತೂರಿಸಿ ಮೀಟಿದರೆ ಚಪ್ಪಡಿಯೇ ಮೇಲೇಳುತ್ತದೆ. ಅದೇ ಪರಸಿ. ಒಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತು, ಅದರ ತಳದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು ಎನ್ನುತ್ತಾರೆ ಭೂಗರ್ಭಶಾಸ್ತ್ರದವರು. ಈ ಶಿಲಾಸಮೂಹಕ್ಕೆ ಅವರು ಭೀಮಾ ನದಿಯ ಹೆಸರನ್ನೇ ಇಟ್ಟಿದ್ದಾರೆ. ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ನಿಂತು ಸಮುದ್ರದ ಕತೆ ಹೇಳಿದರೆ ಜನ ನಗುತ್ತಾರೆ.

ಆಯಿಯ ಮನೆಯ ನೆಲ ಪರಸಿ, ಮಾಳಿಗೆ ಪರಸಿ, ಗೋಡೆಯ ಗೂಡಿನ ಹಲಗೆ ಪರಸಿ, ಬಚ್ಚಲ ಕಲ್ಲು ಪರಸಿ, ಹಿತ್ತಲಿನ ಬೇಲಿ ಕೂಡ ಸಾಲಾಗಿ ನೆಟ್ಟಗೆ ಹುಗಿದ ಪರಸಿ. ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ಒಂದು ಚೆಂಬು ನೀರು ಚಿಮುಕಿಸಿ, ಅಂಗಿ ಬಿಚ್ಚಿ ಬೆನ್ನು ಹಚ್ಚಿ ಮಲಗುವುದಿತ್ತಲ್ಲ, ಆ ಸುಖವನ್ನು ಯಾವ ಕೂಲರೂ ಕೊಟ್ಟಿಲ್ಲ. ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಬಚ್ಚಲವರೆಗೆ ತಲೆಮಾರುಗಳ ಅಂಗಾಲು ತಾಗಿದ ದಾರಿ ಮಾತ್ರ ತಾನಾಗಿ ಮಿರುಗುತ್ತಿತ್ತು. ಉಳಿದದ್ದು ಖಣಿಯಿಂದ ಬಂದ ಹಾಗೇ ಒರಟು. ಆಯಿಗೆ ಅದರ ಬಗ್ಗೆ ಏನೂ ತಕರಾರಿರಲಿಲ್ಲ. ತಕರಾರು ಬಂದದ್ದು ಸಣ್ಣ ಕಾಕಾನ ಮದುವೆ ನಿಶ್ಚಯವಾದಾಗ. ಹೆಣ್ಣು ಸೇಡಂನದು. ಅವರ ಮನೆಯಲ್ಲಿ ಪರಸಿಗೆ ಪಾಲಿಶ್ ಮಾಡಿಸಿದ್ದಾರೆ ಎಂದು ಯಾರೋ ನೋಡಿ ಬಂದು ಹೇಳಿದರು. ಮುಗಿಯಿತು.

ನಾನಾಗ ಮೂರನೇ ಕ್ಲಾಸು. ಹಳ್ಳಿಗೆ ಪಾಲಿಶ್ ಮಷೀನು ಬರುತ್ತಿರಲಿಲ್ಲ. ಬಂದರೂ ತಿರುಗಿಸುವಷ್ಟು ಕರೆಂಟು ಇರುತ್ತಿರಲಿಲ್ಲ. ಶಹಾಬಾದಿನಿಂದ ಒಂದು ಮನೆಯ ಗಂಡಸರು ಹೆಂಗಸರು ಎಲ್ಲ ಬಂದರು. ಹಿಂದಿನ ಗೋಡೆಗೆ ಬೆನ್ನು ಮಾಡಿ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು, ಅಂಗೈ ತುಂಬುವ ಕರಿ ಸಾಣೆಕಲ್ಲು ಹಿಡಿದು, ನೀರು ಚಿಮುಕಿಸಿ ತಿಕ್ಕಿದರು. ಗರ್ ಗರ್ ಎಂಬ ಆ ಸಪ್ಪಳಕ್ಕೆ ಹಲ್ಲು ಜುಮ್ಮೆನ್ನುತ್ತಿತ್ತು. ಎದ್ದ ಬೂದು ರಾಡಿಯನ್ನು ಬೋಗುಣಿಯಲ್ಲಿ ತುಂಬಿ ಬೇವಿನ ಮರದ ಬುಡಕ್ಕೆ ಚೆಲ್ಲುವುದು ನಮ್ಮಂಥ ಹುಡುಗರ ಕೆಲಸ. ಮೊದಲು ದೊರಗು ಕಲ್ಲು, ಆಮೇಲೆ ಅದಕ್ಕಿಂತ ನುಣುಪು, ಆಮೇಲೆ ಇನ್ನೂ ನುಣುಪು. ಪಾಲಿಶ್ ಎಂದರೆ ಇಷ್ಟೇ: ದೊಡ್ಡ ಗೀರನ್ನು ಸಣ್ಣ ಗೀರಿನಿಂದ ಅಳಿಸುವುದು, ಸಣ್ಣದನ್ನು ಇನ್ನೂ ಸಣ್ಣದರಿಂದ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಅದಕ್ಕೆ ಹೊಳಪು ಅನ್ನುತ್ತೇವೆ.

ಆ ಸಾಣೆಕಲ್ಲಿನದೂ ಒಂದು ಕತೆ. ಅಮೆರಿಕದ ಅಚೆಸನ್ ಎಂಬಾತ 1891ರಲ್ಲಿ ಜೇಡಿಮಣ್ಣಿಗೂ ಕೋಕ್ ಇದ್ದಲಿಗೂ ವಿದ್ಯುತ್ ಹಾಯಿಸಿ ವಜ್ರ ಮಾಡಲು ಹೊರಟಿದ್ದ. ಸಿಕ್ಕಿದ್ದು ಕಾರ್ಬೊರಂಡಮ್; ಆ ಕರಿ ಸಾಣೆಕಲ್ಲು ಅದರದೇ. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಹುಟ್ಟಿತು. ಕಾರ್ಬೊರಂಡಮ್ ಬರುವ ಮುಂಚೆ ಕಲ್ಲು ಉಜ್ಜುತ್ತಿದ್ದದ್ದು ಹೆಚ್ಚಾಗಿ ಉಸುಕು, ನೀರು ಮತ್ತು ಇನ್ನೊಂದು ಕಲ್ಲಿನಿಂದ.

ಕೊನೆಯ ದಿನ ಆಗ್ಸಾಲಿಕ್ ಪುಡಿ, ಅಂದರೆ ಆಕ್ಸಾಲಿಕ್ ಆಮ್ಲ, ಬಂತು. ಒದ್ದೆ ನೆಲದ ಮೇಲೆ ಉದುರಿಸಿ ಗೋಣಿತಟ್ಟಿನಿಂದ ಗಸಗಸ ತಿಕ್ಕಿ ತೊಳೆದರು. ನೀರು ಆರಿದ ಮೇಲೆ ಬಾಗಿಲಾಚೆಯ ಬೇವಿನ ಮರ ಪಡಸಾಲೆಯ ನೆಲದಲ್ಲಿ ತಲೆಕೆಳಗಾಗಿ ನಿಂತಿತ್ತು. ಆಯಿ ನೋಡಿದಳು. “ಇದರ ಮ್ಯಾಲ ಮುದುಕರು ಜಾರಿ ಬಿದ್ರ ಯಾರು ಹೊಣಿ?” ಅಂದಳು. ಮದುವೆಯ ದಿನ ಗೋಡೆಯಿಂದ ಗೋಡೆಗೆ ಜಮಖಾನೆ ಹಾಸಿಸಿಬಿಟ್ಟಳು. ಸೇಡಂನವರಿಗೆ ತೋರಿಸಲೆಂದೇ ಮಾಡಿಸಿದ ಹೊಳಪು ಜಮಖಾನೆಯ ಅಡಿಗೆ ಹೋಯಿತು.

ಊಟದ ಹೊತ್ತಿಗೆ ಜಮಖಾನೆ ತೆಗೆಯಲೇಬೇಕಾಯಿತು. ಪಂಕ್ತಿ ಕೂತಿತು. ಹೋಳಿಗೆ, ಕಟ್ಟಿನ ಸಾರು. ಎಲೆಯ ಅಂಚು ದಾಟಿ ಸಾರು ಹರಿಯಿತು. ಕಟ್ಟಿನ ಸಾರೆಂದರೆ ಹುಣಸೆಹುಳಿ. ಶಹಾಬಾದ್ ಕಲ್ಲೆಂದರೆ ಸುಣ್ಣ. ಇವೆರಡಕ್ಕೂ ಹುಟ್ಟಾ ವೈರ. ಹುಳಿ ಬಿದ್ದಲ್ಲಿ ಸುಣ್ಣ ಕರಗಿ ಹೊಳಪು ಹೋಗುತ್ತದೆ; ಮಂಕಾದ ಬಿಳಿ ಕಲೆ ಕೂರುತ್ತದೆ. ಒರಟು ಪರಸಿಯಲ್ಲಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೊಸ ಪಾಲಿಶ್ ಮೇಲೆ ಮಾತ್ರ ಒಂದೊಂದು ಹನಿಯೂ ಲೆಕ್ಕಕ್ಕೆ ಸಿಕ್ಕಿತು. ಮರುದಿನ ನೆಲ ತೊಳೆದಾಗ ಯಾರು ಯಾರು ಎಲ್ಲಿ ಕೂತು ಉಂಡರೆಂಬುದು ಪಡಸಾಲೆಯ ಉದ್ದಕ್ಕೂ ದಾಖಲಾಗಿತ್ತು.

ಆಯಿ ಅದನ್ನು ಓದುತ್ತಿದ್ದಳು. ಬಂದವರಿಗೆಲ್ಲ ಬೆರಳು ತೋರಿಸಿ ಹೇಳುತ್ತಿದ್ದಳು: “ಇಲ್ಲಿ ಚಿಂಚೋಳಿ ಅತ್ತಿ ಕುಂತಿದ್ದಳು, ನೋಡ್ರಿ, ಒಂದು ಹನಿ ಚೆಲ್ಲಿಲ್ಲ.” ಚಿಂಚೋಳಿ ಅತ್ತೆ ಕೆಮ್ಮಣ್ಣಿನ ನಾಡಿನವಳು. ಅವಳ ಮನೆಯ ನೆಲ ಸೆಗಣಿ ಸಾರಣೆಯದು, ಅಂಚಿಗೆ ಹುರಮಂಜು. ವಾರಕ್ಕೊಮ್ಮೆ ಸಾರಿಸಿದರೆ ಹಳೆಯದೆಲ್ಲ ಮುಚ್ಚಿಹೋಗಿ ನೆಲ ಹೊಸದು. ಆಯಿಯ ಬೆರಳು ಮುಂದಕ್ಕೆ ಸರಿದು ಒಂದು ದೊಡ್ಡ ಕಲೆಯ ಮೇಲೆ ನಿಲ್ಲುತ್ತಿತ್ತು. “ಇದು ಸೇಡಂ ಬೀಗರದು.” ಮುಂದೆ ಮಾತಿಲ್ಲ. ಇನ್ನೊಮ್ಮೆ ತಿಕ್ಕಿಸಿದರೆ ಹೋಗುತ್ತಿತ್ತು. ಅಪ್ಪ ಹಾಗೆ ಹೇಳಿದರೂ ಆಯಿ ಒಪ್ಪಲಿಲ್ಲ. ಪುರಾವೆಯನ್ನು ಯಾರಾದರೂ ಅಳಿಸುತ್ತಾರೆಯೇ?

ಈ ಕಲ್ಲಿಗೆ ಬರೆಸಿಕೊಳ್ಳುವ ಚಟ ಮೊದಲಿನಿಂದಲೂ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿ ಇದೆ, ಭೀಮಾ ದಂಡೆಗೆ. 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಶಾತವಾಹನರ ಕಾಲದ ಬೌದ್ಧ ಸ್ತೂಪ ಹೊರಬಂತು. ಅದರ ಶಿಲ್ಪಫಲಕಗಳೂ ಸುಣ್ಣಕಲ್ಲಿನವು. ಒಂದರಲ್ಲಿ ರಾಜ ನಿಂತಿದ್ದಾನೆ, ಜೊತೆಗೆ ರಾಣಿ, ಚಾಮರದವರು, ಛತ್ರಿ ಹಿಡಿದವಳು. ಬ್ರಾಹ್ಮಿಯಲ್ಲಿ ಎರಡೇ ಶಬ್ದ: ರಾಯ ಅಸೋಕೋ. ಅಶೋಕನ ಮುಖಕ್ಕೆ ಅವನದೇ ಹೆಸರಿನ ಚೀಟಿ ಅಂಟಿಸಿದಂತೆ ಸಿಕ್ಕ ಶಿಲ್ಪ ಅದು. ನಾನು ನೋಡಲು ಹೋದಾಗ ಜೊತೆಗಿದ್ದವರು ರಾಜನ ಕಿರೀಟ, ರಾಣಿಯ ಆಭರಣಗಳ ಬಗ್ಗೆ ಮಾತಾಡುತ್ತಿದ್ದರು. ನನಗೆ ಕಂಡದ್ದು ಆಕೃತಿಗಳ ಹಿಂದಿನ ಬಯಲು ಜಾಗದ ನುಣುಪು. ಅದನ್ನೂ ಯಾರೋ ಕುಕ್ಕರಗಾಲಲ್ಲಿ ಕೂತು ತಿಕ್ಕಿದ್ದಾರೆ, ನೀರು ಹೊಯ್ದು ರಾಡಿ ತೆಗೆದಿದ್ದಾರೆ, ಯಾವುದೋ ಹುಡುಗ ಬೋಗುಣಿ ತುಂಬಿ ಭೀಮಾ ಕಡೆ ಚೆಲ್ಲಿದ್ದಾನೆ.

ಸನ್ನತಿಯ ಇನ್ನೊಂದು ಕಲ್ಲಿನ ಪಾಡು ಇದಕ್ಕಿಂತ ಮಜಾ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು, ಅದನ್ನು ಹೊತ್ತಿದ್ದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ! ಎರಡೂ ಮಗ್ಗುಲಿಗೆ ಅಕ್ಷರ. ನಡುವೆ ಮೂರ್ತಿ ಕೂರಿಸಲು ಕೊರೆದ ಚೌಕ ತೂತು. ಅಲ್ಲಿದ್ದ ಅಕ್ಷರಗಳು ಹೋದವು. ಇತಿಹಾಸದವರು ಇಂದಿಗೂ ಅದಕ್ಕೆ ಮರುಗುತ್ತಾರೆ. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಚಪ್ಪಟೆ ಕಲ್ಲು ಕಂಡರೆ ಅದನ್ನು ಏನಕ್ಕಾದರೂ ಹಾಸದೆ ನಾವು ಬಿಟ್ಟವರಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕೋಟೆಯ ಗೋಡೆಯೇ ಈ ಕಲ್ಲಿನದು. ನೃಪತುಂಗನ ಅರಮನೆಯ ಪಂಕ್ತಿಯೂ ಪರಸಿಯ ಮೇಲೆಯೇ ಕೂಡುತ್ತಿತ್ತು, ಅಲ್ಲಿಯೂ ಬೀಗರು ಸಾರು ಚೆಲ್ಲುತ್ತಿದ್ದರು ಎಂಬುದು ನನ್ನ ಮಟ್ಟಿಗೆ ಇತ್ಯರ್ಥವಾದ ಸಂಗತಿ.

ಉಳಿದ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1871ಕ್ಕೆ ಮುಂಬಯಿ ಕಡೆಯ ರೈಲು ರಾಯಚೂರು ಮುಟ್ಟಿತು. 1874ಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಪರಸಿಗೆ ಗಾಡಿ ಸಿಕ್ಕಿತು. ಪುಣೆ, ಮುಂಬಯಿಯ ಹಳೆಯ ಮನೆಗಳಲ್ಲಿ, ಎಷ್ಟೋ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಜನ ನಮ್ಮ ಊರಿನ ಮೇಲೆ ನಡೆದಾಡಿದರು. ಆಮೇಲೆ ಸಿಮೆಂಟು ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಸೇರಿತು. ವಾಡಿಯ ಕಾರ್ಖಾನೆ 1968ರದು. ಅದೇ ಸುಣ್ಣಕಲ್ಲನ್ನು ಜೇಡಿಮಣ್ಣಿನೊಡನೆ ಪುಡಿ ಮಾಡಿ 1450 ಡಿಗ್ರಿಯಲ್ಲಿ ಸುಟ್ಟರೆ ಸಿಮೆಂಟು. ಕಲ್ಲಿನ ನೆಲದ ಮೇಲೆ ಅದೇ ಕಲ್ಲಿನ ಧೂಳು ಬೀಳುವುದು, ಅದನ್ನು ದಿನಕ್ಕೆರಡು ಸಲ ಒರೆಸುವುದು ಈ ಭಾಗದ ಹೆಂಗಸರ ಪಾಲಿಗೆ ಬಂದ ವೇದಾಂತ.

ಅದಕ್ಕೇ ಮೇಣದ ನೆಲ ಇಲ್ಲಿ ಬೇರೂರಲಿಲ್ಲ. ಬೆಂಗಳೂರಿನ ನನ್ನ ದೊಡ್ಡಮ್ಮನ ಮನೆಯದು ರೆಡ್ ಆಕ್ಸೈಡ್ ನೆಲ. ಹಬ್ಬ ಬಂತೆಂದರೆ ಚಿಮಣಿ ಎಣ್ಣೆಯ ಅರಿವೆಯಿಂದ ಹಳೆಯ ಮೇಣ ಕೀಳುವುದು, ಒಣಗಿಸುವುದು, ಮ್ಯಾನ್ಶನ್ ಪಾಲಿಶ್ ಡಬ್ಬಿ ತೆಗೆದು ತೆಳ್ಳಗೆ ಹಚ್ಚುವುದು, ಮಕ್ಕಳು ಕಾಲಿಗೆ ಹಳೆಯ ಕಂಬಳಿ ತುಂಡು ಕಟ್ಟಿಕೊಂಡು ಜಾರಾಡಿ ಹೊಳಪು ಬರಿಸುವುದು. ಚೆಂದವೇ. ಆದರೆ ನಮ್ಮ ಪರಸಿಗೆ ಮೇಣ ಬಳಿದರೆ ನೆಲದ ತೇವ ಮೇಲೇರಿ ಬಂದು ಅದರಡಿ ಸಿಕ್ಕಿಕೊಂಡು ಮಬ್ಬಾಗುತ್ತದೆ. ವಾಡಿಯ ಬಿಸಿಲಿಗೆ ಮೇಣ ಮೆತ್ತಗಾಗಿ ಊರ ಧೂಳೆಲ್ಲ ಅಲ್ಲೇ ಬಿಡಾರ ಹೂಡುತ್ತದೆ. ಇಷ್ಟು ಕಾರಣ ಕೊಟ್ಟರೂ ನಿಜ ಹೇಳಬೇಕೆಂದರೆ ನಾನು ಪಕ್ಷಪಾತಿ. ಬಳಿದ ಹೊಳಪಿಗಿಂತ ತಿಕ್ಕಿದ ಹೊಳಪೇ ನನಗೆ ಹೆಚ್ಚು.

ಆಗ್ಸಾಲಿಕ್ಕೂ ಆಮ್ಲವೇ, ಅದೇಕೆ ಕಲ್ಲನ್ನು ಕೆಡಿಸುವುದಿಲ್ಲ ಎಂದು ನೀವು ಕೇಳಬಹುದು. ಅದು ಸುಣ್ಣದ ಜೊತೆ ಸೇರಿದರೆ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ; ನುಣುಪು ಕಲ್ಲಿನ ಮೇಲೆ ತೆಳ್ಳನೆಯ ಗಟ್ಟಿ ಪೊರೆ ಕೂರುತ್ತದೆ. ಇದೇ ಆಮ್ಲ ನಮ್ಮ ಪುಂಡಿಪಲ್ಯದ ಹುಳಿಯಲ್ಲೂ ಇದೆ. ಜೋಳದ ನುಚ್ಚು, ಬಳ್ಳೊಳ್ಳಿ, ಹಸಿ ಮೆಣಸಿನಕಾಯಿ ಹಾಕಿ ಕುದಿಸಿದ ಪುಂಡಿಪಲ್ಯವಿಲ್ಲದೆ ರೊಟ್ಟಿ ಮುರಿಯದ ಮನುಷ್ಯ ನಮ್ಮ ಸಣ್ಣ ಕಾಕಾ. ಐವತ್ತು ದಾಟಿದ ಮೇಲೆ ಅವನ ಕಿಡ್ನಿಯಲ್ಲಿ ಕಲ್ಲು ಕಂಡಿತು. ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ನಾನೇ ಓದಿದೆ: ಕ್ಯಾಲ್ಸಿಯಂ ಆಕ್ಸಲೇಟ್. ಪುಂಡಿಪಲ್ಯ ಬಂದ್ ಅಂದರು. ಮನೆಗೆ ಬರುವಾಗ ಪರಸಿಯ ಕತೆ ಬಿಡಿಸಿ ಹೇಳಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಅಂದ್ರ ನನ್ನ ಒಳಗೂ ಪಾಲಿಶ್ ಮಾಡ್ಲತ್ತಾರ ಅನ್ನು” ಅಂದ.

ಈಗ ಕಾಕಾನ ಮಗನಿಗೆ ಟೈಲ್ಸ್ ಬೇಕು. ಶಹಾಬಾದ್ ಪರಸಿಯನ್ನು ಬೆಂಗಳೂರಿನ ಹೋಟೆಲಿನವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದಾರೆ. ಶಹಾಬಾದಿನ ಸುತ್ತಿನ ಮನೆಗಳಿಗೆ ಗುಜರಾತಿನ ಮೋರ್ಬಿಯಿಂದ ಟೈಲ್ಸ್ ಬರುತ್ತಿವೆ. ಮೇಸ್ತ್ರಿ ಬಂದು ಆಯಿಯ ಪಡಸಾಲೆಯ ಮೂಲೆಯಲ್ಲಿ ಸಬ್ಬಲ ಹಾಕಿ ಒಂದು ಪರಸಿ ಎಬ್ಬಿಸಿ ನೋಡಿದ. ಅಡಿಯ ಮಗ್ಗುಲು ಖಣಿಯಿಂದ ನಿನ್ನೆ ತಂದ ಹಾಗೆ ತಾಜಾ. “ಟೈಲ್ಸ್ ಯಾಕ ಬೇಕ್ರಿ? ತಿರುವಿ ಹಾಕಿ ಪಾಲಿಶ್ ಹೊಡಿತೀನಿ, ಅರ್ಧ ರೊಕ್ಕದಾಗ ಹೊಸಾ ನೆಲ” ಅಂದ. ಕಾಕಾನ ಮಗ ಲೆಕ್ಕ ಹಾಕತೊಡಗಿದ. ನನಗೆ ಖುಷಿಯಾಯಿತು. ಆದರೂ ಒಂದು ಮಾತು ಸೇರಿಸಿದೆ: ಆ ನಡುವಿನ, ದೊಡ್ಡ ಕಲೆಯ ಪರಸಿ ಒಂದನ್ನು ಮಾತ್ರ ಹಾಗೇ ಬಿಡಿ, ಆಯಿಯ ನೆನಪಿಗೆ.

ಒಳಗಿನಿಂದ ಚಿಗವ್ವ ಬಂದಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಸೇಡಂನಿಂದ ಈ ಮನೆಗೆ ಬಂದ ದಿನದಿಂದ ಆ ಕಲೆಯ ಮೇಲೆ ಕಸಬರಿಗೆ ಆಡಿಸಿದವಳು ಅವಳೇ.

“ಮೊದಲ ಅದನ್ನೇ ತಿರುವ್ರಿ” ಅಂದಳು ಮೇಸ್ತ್ರಿಗೆ. ಆಮೇಲೆ ನನ್ನ ಕಡೆ ತಿರುಗಿ, “ಉಣ್ಣಾಕ ಕುಂತಿದ್ದಷ್ಟೇ ನಮ್ಮ ಮಂದಿ. ಸಾರು ಬಡಸ್ತಿದ್ದಾಂವ ನಿಮ್ಮಪ್ಪ.”