ಉಪ್ಪ ಉತ್ತರ ಹೇಳುತ್ತಿದ್ದ ಅರ್ಧ ಗಂಟೆ

ಬ್ಯಾರಿ ಮಾತಾಡುವ ನಮ್ಮ ಮನೆಗೆ ಕನ್ನಡ ಬಂದದ್ದು ಎರಡು ದಾರಿಯಲ್ಲಿ. ಒಂದು ಶಾಲೆ, ಇನ್ನೊಂದು ಚಂದನ ಟಿ.ವಿ.ಯ ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಈ ಕಾರ್ಯಕ್ರಮ ಶುರುವಾದಾಗ ನಾನು ಐದನೇ ಕ್ಲಾಸಿನಲ್ಲಿದ್ದೆ. ಉಪ್ಪ ಓದಿದ್ದೂ ಅಷ್ಟೇ, ಐದನೇ ಕ್ಲಾಸು.

ಬಿ.ಸಿ.ರೋಡ್ ಹತ್ತಿರ ಉಪ್ಪನ ಸಣ್ಣ ದಿನಸಿ ಅಂಗಡಿ ಇತ್ತು. ಪೊಟ್ಟಣ ಕಟ್ಟಲಿಕ್ಕೆ ಹಳೇ ಪೇಪರನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನೇ ಓದುತ್ತಿದ್ದರು. ಅರ್ಧ ಹರಿದ ಲೇಖನ ಸಿಕ್ಕಿದರೆ, ‘ಉಳಿದದ್ದು ಯಾರ ಮನೆಗೆ ಜೀರಿಗೆ ಕಟ್ಟಿಕೊಂಡು ಹೋಯಿತೋ’ ಎಂದು ನಗುತ್ತಿದ್ದರು.

ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು ಟಿ.ವಿ. ಮುಂದೆಯೇ ಊಟ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉಪ್ಪ ಕೈಯಲ್ಲಿ ತುತ್ತು ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದರು. ನದಿ, ಊರು, ಜ್ಞಾನಪೀಠ ಪಡೆದ ಕವಿ, ಎಲ್ಲವೂ ಪೊಟ್ಟಣದ ಪೇಪರಿನಿಂದ ಬಂದ ವಿದ್ಯೆ. ‘ನೀವೇ ಅಲ್ಲಿ ಹೋಗಿ ಕೂತಿದ್ದರೆ ಒಂದು ಗೋಣಿ ಪುಸ್ತಕ ತರಬಹುದಿತ್ತು’ ಎಂದು ಉಮ್ಮ ತಮಾಷೆ ಮಾಡುತ್ತಿದ್ದರು. ‘ಪುಸ್ತಕ ಹರಿದು ಪೊಟ್ಟಣ ಕಟ್ಟಲಿಕ್ಕೆ ನನಗೆ ಮನಸ್ಸು ಬರಲಿಕ್ಕಿಲ್ಲ’ ಎಂದು ಉಪ್ಪನ ಉತ್ತರ.

ಅದಕ್ಕೂ ಎರಡು ವರ್ಷ ಮೊದಲು ‘ಕೌನ್ ಬನೇಗಾ ಕರೋಡ್‌ಪತಿ’ ಬಂದಿತ್ತು. ಅಲ್ಲಿ ಒಂದು ಕೋಟಿ ರೂಪಾಯಿ, ಇಲ್ಲಿ ಸರಿಯುತ್ತರಕ್ಕೆ ಒಂದು ಕನ್ನಡ ಪುಸ್ತಕ. ಅಲ್ಲಿ ಅಮಿತಾಭ್ ಬಚ್ಚನ್, ಇಲ್ಲಿ ವೃತ್ತಿಯಿಂದ ವೈದ್ಯರಾದ ಒಬ್ಬರು ಮೇಷ್ಟ್ರ ಹಾಗೆ ಸಮಾಧಾನದಿಂದ ಮಾತಾಡುತ್ತಿದ್ದರು. ಉತ್ತರ ತಪ್ಪಿದವರನ್ನು ಅವರು ಸಣ್ಣ ಮಾಡುತ್ತಿರಲಿಲ್ಲ. ಸರಿಯುತ್ತರ ಯಾವುದು, ಯಾಕೆ ಎಂದು ವಿವರಿಸಿ ಮುಂದೆ ಹೋಗುತ್ತಿದ್ದರು. 3,000ಕ್ಕೂ ಹೆಚ್ಚು ಕಂತು ದಾಟಿದ ಮೇಲೂ ಬಹುಮಾನ ಪುಸ್ತಕವೇ.

ಇದು ನಮ್ಮ ಮನೆಗೆ ಯಾಕೆ ಅಷ್ಟು ಹತ್ತಿರವಾಯಿತು ಎಂಬುದು ನಿಮಗೂ ಗೊತ್ತಿರಬಹುದು. ನಾವು ಬಾಯಿ ತೆರೆದ ಕೂಡಲೇ ‘ಇದು ಬ್ಯಾರಿಗಳ ಕನ್ನಡ’ ಎಂದು ನಗುವವರು ಇರುತ್ತಿದ್ದರು. ಅದಕ್ಕೇ ಉಪ್ಪ ಆಫೀಸುಗಳಲ್ಲಿ ಕಡಿಮೆ ಮಾತಾಡುತ್ತಿದ್ದರು, ಅರ್ಜಿಯನ್ನು ಸುಮ್ಮನೆ ಮುಂದೆ ಚಾಚುತ್ತಿದ್ದರು. ಟಿ.ವಿ. ಮುಂದೆ ಮಾತ್ರ ಅವರ ಸ್ವರ ದೊಡ್ಡದು. ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಉತ್ತರ, ಉಚ್ಚಾರ ಅಲ್ಲ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ಮೂರು ಊರು ಸುತ್ತಿ, ಈಗ ನಾನಿರುವುದು ತಮಿಳುನಾಡಿನ ಮೆಟ್ಟುಪಾಳ್ಯಂನಲ್ಲಿ. ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಕೆಲಸ. ಇಲ್ಲಿಯ ಗೆಳೆಯರ ಹತ್ತಿರ ಸೋಮೇಶ್ವರ ಅವರ ಸುದ್ದಿ ಹೇಳಿದರೆ ಅವರು ಬಿ.ಎಚ್. ಅಬ್ದುಲ್ ಹಮೀದ್ ಅವರ ಸುದ್ದಿ ತೆಗೆಯುತ್ತಾರೆ. ಹಮೀದ್ ಶ್ರೀಲಂಕಾ ರೇಡಿಯೋದ ತಮಿಳು ಉದ್ಘೋಷಕರಾಗಿದ್ದವರು. ಕೊಟ್ಟ ಅಕ್ಷರಕ್ಕೆ ಹಾಡು ಹಾಡಿಸುವ ‘ಪಾಟ್ಟುಕ್ಕು ಪಾಟ್ಟು’ ಆಟವನ್ನು ಸನ್ ಟಿ.ವಿ.ಯಲ್ಲಿ ನಡೆಸಿಕೊಟ್ಟವರು. ‘ತಮಿಳನ್ನು ಹೇಗೆ ಉಚ್ಚರಿಸಬೇಕು ಅಂತ ನಾವು ಅವರಿಂದ ಕಲಿತೆವು’ ಎಂದು ತಮಿಳರೇ ಹೇಳುವಾಗ ನನಗೆ ಖುಷಿಯಾಗುತ್ತದೆ. ಉಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಹೆಸರು ಇನ್ನೊಮ್ಮೆ ಹೇಳು’ ಎಂದರು.

ನನ್ನ ಮಗನಿಗೆ ಎಂಟು ವರ್ಷ. ಮನೆಯಲ್ಲಿ ಬ್ಯಾರಿ, ಓದುವುದು ತಮಿಳು ಮತ್ತು ಇಂಗ್ಲಿಷ್. ಉಪ್ಪನಿಗೆ ತಮಿಳು ಅಕ್ಷರ ಬಾರದು, ಮೊಮ್ಮಗನಿಗೆ ಕನ್ನಡ ಅಕ್ಷರ ಬಾರದು. ಇಬ್ಬರನ್ನೂ ಜೊತೆಗೆ ಕೂರಿಸಿದ್ದು ಯೂಟ್ಯೂಬಿನಲ್ಲಿ ಸಿಗುವ ‘ಥಟ್ ಅಂತ ಹೇಳಿ’. ಒಂದೇ ಕಂತನ್ನು ಅವರು ಊರಲ್ಲಿ ನೋಡುತ್ತಾರೆ, ಇವನು ಇಲ್ಲಿ ನೋಡುತ್ತಾನೆ. ಆಮೇಲೆ ಫೋನಿನಲ್ಲಿ ಇವರದೇ ಆಟ.

ಒಮ್ಮೆ ಮಗ ಪ್ರಶ್ನೆ ಇಟ್ಟ: ‘ಇಲ್ಲಿಂದ ಊಟಿಗೆ ಹೋಗುವ ರೈಲಿನ ಹಳಿಗಳ ನಡುವೆ ಹಲ್ಲಿನ ಪಟ್ಟಿ ಯಾಕೆ ಇದೆ?’ ಪೊಟ್ಟಣದ ಪೇಪರಿನಲ್ಲಿ ಇದು ಬಂದಿರಲಿಲ್ಲ. ಉಪ್ಪ ಒಂದು ದಿನದ ಸಮಯ ಕೇಳಿದರು. ಮರುದಿನ ಉತ್ತರ ಬಂತು: ‘ತೆಂಗಿನ ಮರ ಹತ್ತುವವನಿಗೆ ಕಾಲಿಡಲು ಕಚ್ಚು ಇದ್ದ ಹಾಗೆ.’ ಸರಿಯೇ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿ ಅತಿ ಕಡಿದಾದ ಕಡೆ ಪ್ರತಿ 12 ಅಡಿಗೆ ಸುಮಾರು 1 ಅಡಿ ಏರುತ್ತದೆ. ಬರೀ ಚಕ್ರ ಜಾರುತ್ತದೆ, ಅದಕ್ಕೇ ಎಂಜಿನ್ನಿನ ಹಲ್ಲುಗಾಲಿ ಆ ಪಟ್ಟಿಯನ್ನು ಕಚ್ಚಿ ಹತ್ತುತ್ತದೆ.

ಈಗ ಮಗ ತೆರೆಯ ಮೇಲೆ ಮೂಡುವ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಾನೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ನಮ್ಮಲ್ಲಿ ಬಹಳಷ್ಟು ಮಂದಿ ಬ್ಯಾರಿ ಬರೆಯುವುದೂ ಇದೇ ಅಕ್ಷರದಲ್ಲಿ. ಕನ್ನಡ ಅಕ್ಷರ ಕೈತಪ್ಪಿದರೆ ಹೊರ ರಾಜ್ಯದಲ್ಲಿ, ಗಲ್ಫಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಬ್ಯಾರಿಯಲ್ಲಿ ಬರೆದದ್ದೂ ಓದಲಿಕ್ಕೆ ಸಿಗಲಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಅಜ್ಜ, ಮೊಮ್ಮಕ್ಕಳು ಇದ್ದರೆ ದಿನಕ್ಕೆ ಒಂದು ಕಂತು ಹಾಕಿ ನೋಡಿ. ಮೊದಲ ಉತ್ತರ ಅಜ್ಜನಿಗೆ ಬಿಡಿ.