ಕೋಟೆಯ ಕಿಂಡಿ

ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದವನು ಕೋಟೆಯ ಪಕ್ಷದವನಾಗಿಯೇ ಹುಟ್ಟುತ್ತಾನೆ. ಏಳು ಸುತ್ತಿನ ಗೋಡೆಗಳನ್ನು ಬಾಲ್ಯದಲ್ಲಿ ಕಂಡವನಿಗೆ, ಹೊರಗೆ ಬೀಡುಬಿಟ್ಟ ಹೈದರಾಲಿಯ ದಂಡಿನ ಕಡೆಯಿಂದ ಆ ಬೆಟ್ಟವನ್ನು ನೋಡಬೇಕೆಂಬ ಯೋಚನೆಯೇ ಬರುವುದಿಲ್ಲ. ಹೊಳಲ್ಕೆರೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ವಿಶ್ರಾಂತಿ ಪಡೆದ ಮೇಷ್ಟರೊಬ್ಬರಿಗೂ ಹಾಗೆಯೇ ಇತ್ತು. ವರ್ಷಕ್ಕೊಮ್ಮೆ ಮಕ್ಕಳನ್ನು ದುರ್ಗಕ್ಕೆ ಕರೆದೊಯ್ದು, ಓಬವ್ವನ ಕಿಂಡಿಯ ಬಳಿ ನಿಲ್ಲಿಸಿ, ಒಬ್ಬೊಬ್ಬನಾಗಿ ನುಸುಳಿ ಬಂದ ಶತ್ರುಗಳನ್ನು ಆ ತಾಯಿ ಒನಕೆಯಿಂದ ಕೆಡವಿ ಪಕ್ಕಕ್ಕೆ ಎಳೆದು ಹಾಕಿದ ಕಥೆಯನ್ನು ಅವರು ಹೇಳುತ್ತಿದ್ದರು. ಹೇಳುವಾಗ ಪ್ರತಿಸಲವೂ ಅವರ ಕಂಠ ಸ್ವಲ್ಪ ಏರುತ್ತಿತ್ತು.

ಮೇಷ್ಟರ ಮನೆಯ ದೇವರ ಗೂಡಿನ ಪಕ್ಕದಲ್ಲಿ ಇನ್ನೊಂದು ಗೂಡಿತ್ತು. ಉಳಿದ ಮಾತ್ರೆಗಳೆಲ್ಲ ಅಲ್ಲಿ ಸೇರುತ್ತಿದ್ದವು. ನೆಗಡಿ ಬಂದರೆ ಎರಡು, ಗಂಟಲು ಕೆರೆದರೆ ಮೂರು. ಹೊಸದುರ್ಗದಲ್ಲಿದ್ದ ತಂಗಿಗೆ ಮೈ ಬಿಸಿಯೆಂದು ಕೇಳಿದರೆ, ಅತ್ತ ಹೋಗುವ ಬಸ್ಸಿನವರ ಕೈಯಲ್ಲಿ ಒಂದು ಪೊಟ್ಟಣ. ಮಿತವ್ಯಯವೂ ಬಂಧುಪ್ರೀತಿಯೂ ಕೂಡಿದ ಈ ವ್ಯವಸ್ಥೆಯಲ್ಲಿ ದೋಷವುಂಟೆಂದು ಆ ಮನೆಯಲ್ಲಿ ಯಾರಿಗೂ ತೋರಿರಲಿಲ್ಲ.

ಹೀಗಿರಲು, ಹಿರಿಯೂರಿನಲ್ಲಿ ಮಗಳ ಮನೆಗೆ ಹೋಗಿದ್ದ ಮೇಷ್ಟರ ಪತ್ನಿಗೆ ಚಳಿಜ್ವರ ಬಂದಿತು. ಮೂತ್ರದ ಸೋಂಕೆಂದು ತಿಳಿಯಿತು. ಗೂಡಿನ ಮಾತ್ರೆ ನಡೆಯಲಿಲ್ಲ. ಅಂಗಡಿಯಿಂದ ತಂದ ಹೊಸ ಮಾತ್ರೆಯೂ ನಡೆಯಲಿಲ್ಲ. ಐದನೆಯ ದಿನ ಆಕೆ ಮಾತು ತೊದಲಿಸತೊಡಗಿದಾಗ ದುರ್ಗಕ್ಕೆ ತಂದು ಮಲಗಿಸಿದರು. ಪರೀಕ್ಷೆಯ ಕಾಗದ ಬಂದಿತು. ಅದರಲ್ಲಿ ಔಷಧಗಳ ಉದ್ದವಾದ ಪಟ್ಟಿ. ಬಹುಪಾಲು ಹೆಸರುಗಳ ಮುಂದೆ ಅದು ಈ ಕ್ರಿಮಿಗೆ ನಾಟದೆಂಬ ಗುರುತು. ನೋಡಿಕೊಳ್ಳುತ್ತಿದ್ದ ವೈದ್ಯೆ ಮೇಷ್ಟರ ಹಳೆಯ ವಿದ್ಯಾರ್ಥಿನಿ. ಮೀಸಲಾಗಿಟ್ಟಿದ್ದ ಬಲವಾದ ಔಷಧವೊಂದನ್ನು ಸೂಜಿಯ ಮೂಲಕ ಕೊಡಲು ಆರಂಭಿಸಿದರು. ಮೇಷ್ಟರು ಆ ಕಾಗದವನ್ನೇ ದಿಟ್ಟಿಸುತ್ತ ಕುಳಿತುದನ್ನು ಕಂಡು, ರಾತ್ರಿ ಬಿಡುವಾದಾಗ ಬಂದು, ಅವರಿಗೆ ತಿಳಿದ ಭಾಷೆಯಲ್ಲಿಯೇ ವಿಷಯವನ್ನು ವಿವರಿಸಿದರು.

ಬ್ಯಾಕ್ಟೀರಿಯವೂ ಒಂದು ದುರ್ಗವೇ. ಅದರ ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಹೆಚ್ಚು; ಸುತ್ತ ಗೋಡೆ ಇಲ್ಲದಿದ್ದರೆ ನೀರು ನುಗ್ಗಿ ಒಡೆದುಹೋಗುವುದು. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬುವರು ಬರ್ಲಿನ್ನಿನಲ್ಲಿ ಈ ಜೀವಿಗಳಿಗೆ ನೇರಳೆ ಬಣ್ಣ ಹಚ್ಚಿ ತೊಳೆದು ನೋಡಿದಾಗ, ಕೆಲವು ಬಣ್ಣವನ್ನು ಹಿಡಿದವು, ಕೆಲವು ಬಿಟ್ಟವು. ಹಿಡಿದವಕ್ಕೆ ಒಂದೇ ದಪ್ಪ ಗೋಡೆ. ಬಿಟ್ಟವಕ್ಕೆ ಗೋಡೆ ತೆಳುವಾದರೂ, ಅದರ ಹೊರಗೆ ಜಿಡ್ಡಿನ ಇನ್ನೊಂದು ಪೊರೆ. ಮೂತ್ರದ ಸೋಂಕನ್ನು ತರುವ ಕ್ರಿಮಿಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಯವು.

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ ಗೋಡೆಯನ್ನು ಕೆಡಹುವುದಿಲ್ಲ. ಗೋಡೆ ಕಟ್ಟುವ ಗಾರೆಯವರ ಕೈ ಕಟ್ಟುತ್ತದೆ. ಬೆಳೆಯುವ ಜೀವಿ ತನ್ನ ಗೋಡೆಯನ್ನು ಅಲ್ಲಲ್ಲಿ ಬಿಚ್ಚಿ ಮತ್ತೆ ಹೆಣೆಯಬೇಕಷ್ಟೆ; ಬಿಚ್ಚಿದುದು ಬಿಚ್ಚಿದಂತೆಯೇ ಉಳಿದರೆ ಒಳಗಿನ ಒತ್ತಡವೇ ಅದನ್ನು ಸೀಳುತ್ತದೆ. ಅದೇ ಫ್ಲೆಮಿಂಗರು 1922ರಲ್ಲಿ ಪ್ರಕಟಿಸಿದ ಲೈಸೊಜೈಮ್ ಎಂಬ ವಸ್ತು ಕಣ್ಣೀರಿನಲ್ಲಿಯೂ ಮೊಟ್ಟೆಯ ಬಿಳಿಯಲ್ಲಿಯೂ ಉಂಟು. ಅದು ಗೋಡೆಯ ಹೆಣಿಗೆಯನ್ನೇ ಕತ್ತರಿಸುತ್ತದೆ. ಆದರೆ ಹೊರಪೊರೆಯುಳ್ಳ ಕ್ರಿಮಿಗಳ ಮುಂದೆ ಇವೆರಡೂ ಬಹುಮಟ್ಟಿಗೆ ಸೋಲುತ್ತವೆ. ಆ ಪೊರೆಯಲ್ಲಿ ಇರುವುದು ಸಣ್ಣ ತೂಬುಗಳು ಮಾತ್ರ. ಮಾರಿಕಣಿವೆಯ ಕಟ್ಟೆಯ ತೂಬು ನೀರನ್ನು ಬಿಟ್ಟು ಮರದ ದಿಮ್ಮಿಯನ್ನು ತಡೆಯುವಂತೆ, ಅವು ಸಣ್ಣ ಕಣಗಳನ್ನು ಒಳಗೆ ಬಿಟ್ಟು ದೊಡ್ಡವನ್ನು ಹೊರಗೇ ನಿಲ್ಲಿಸುತ್ತವೆ.

ಹಾಗಾದರೆ ಹೊರಗೋಡೆಗೆ ದುರ್ಬಲ ಸ್ಥಾನವಿಲ್ಲವೆ? ಉಂಟು. ಅದರ ಕಣಗಳೆಲ್ಲ ಋಣ ವಿದ್ಯುದಂಶವುಳ್ಳವಾದುದರಿಂದ ತಮ್ಮಷ್ಟಕ್ಕೆ ಬಿಟ್ಟರೆ ಒಂದನ್ನೊಂದು ದೂಡುತ್ತವೆ. ಅವನ್ನು ಗಾರೆಯಂತೆ ಬೆಸೆದಿರುವುದು ಮೆಗ್ನೀಷಿಯಮ್ ಮತ್ತು ಕ್ಯಾಲ್ಸಿಯಮ್. ಈ ಲೋಹಗಳನ್ನು ಕಿತ್ತರೆ ಕಲ್ಲು ಸಡಿಲುವುದು. ಇಡಿಟಿಎ ಎಂಬ ರಾಸಾಯನಿಕವು ಇವನ್ನು ಕಚ್ಚಿ ಎಳೆಯುತ್ತದೆಂದೂ, ಹಾಗೆ ಎಳೆದ ಮೇಲೆ ಮೊದಲು ಒಳಹೋಗದಿದ್ದ ಔಷಧವು ಒಳಹೋಗುವುದೆಂದೂ ಅಮೆರಿಕದ ಲೊರೆಟ್ಟಾ ಲೀವ್ 1965ರಲ್ಲಿ ತೋರಿಸಿದರು. ಮೊಸರು ಮಜ್ಜಿಗೆಗಳ ಹುಳಿಯಾದ ಲ್ಯಾಕ್ಟಿಕ್ ಆಮ್ಲಕ್ಕೂ ಈ ಹೊರಪೊರೆಯನ್ನು ಸಡಿಲಿಸುವ ಗುಣವುಂಟು. ಹುಳಿಹಿಡಿದ ಪದಾರ್ಥ ಬೇಗ ಕೆಡದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಮಜ್ಜಿಗೆ ಕುಡಿದು ಮೂತ್ರದ ಸೋಂಕನ್ನು ಗೆಲ್ಲಬಹುದೆಂದು ಯಾರೂ ತಿಳಿಯತಕ್ಕದ್ದಲ್ಲ. 1947ರಲ್ಲಿ ಬೆಳಕಿಗೆ ಬಂದ ಪಾಲಿಮಿಕ್ಸಿನ್ ಎಂಬ ಗುಂಪಿನ ಔಷಧಗಳು ಆ ಲೋಹಗಳ ಜಾಗಕ್ಕೆ ತಾವೇ ನುಗ್ಗಿ ಗೋಡೆಯನ್ನು ಬಿರಿಯಿಸುತ್ತವೆ. ಮೂತ್ರಪಿಂಡಕ್ಕೆ ಅಪಾಯವೆಂದು ಇವನ್ನು ಬಹುಕಾಲ ಬದಿಗಿಟ್ಟಿದ್ದರು. ಬೇರೆ ಔಷಧಗಳು ಸೋತ ಮೇಲೆ ಕೊನೆಯ ಆಶ್ರಯವಾಗಿ ಮತ್ತೆ ತೆಗೆದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಮತ್ತು ಅವರ ಸಂಗಡಿಗರು, ಪೊರೆಯನ್ನು ಸಡಿಲಿಸುವ ಹೊಸ ವಸ್ತುಗಳನ್ನು ರಚಿಸಿ, ನಿಷ್ಫಲವಾದ ಹಳೆಯ ಔಷಧಗಳಿಗೆ ದಾರಿ ಮಾಡಿಕೊಡುವ ಸಂಶೋಧನೆಯಲ್ಲಿ ತೊಡಗಿದ್ದಾರೆ.

ಇಷ್ಟನ್ನು ಕೇಳಿ ಮೇಷ್ಟರು, ಹಾಗಾದರೆ ಕಿಂಡಿ ಸಿಕ್ಕಿತಲ್ಲ, ಇನ್ನು ಭಯವೇಕೆ ಎಂದರು. ವೈದ್ಯೆ ನಕ್ಕು, ಕಿಂಡಿಯ ಒಳಗೆ ಓಬವ್ವ ಇರುವಳೆಂಬುದನ್ನು ತಾವೇ ಹೇಳಿಕೊಟ್ಟಿರಲ್ಲ ಎಂದರು. ಅನೇಕ ಕ್ರಿಮಿಗಳ ಪೊರೆಯಲ್ಲಿ ಸಣ್ಣ ಯಂತ್ರಗಳುಂಟು. ನುಸುಳಿ ಬಂದ ಔಷಧವನ್ನು ಕಣ ಕಣವಾಗಿ ಹಿಡಿದು ಹೊರಗೆ ತಳ್ಳುವುದೇ ಅವುಗಳ ಕೆಲಸ. ಕೆಲವು ತೂಬುಗಳನ್ನೇ ಮುಚ್ಚುತ್ತವೆ. ಕೆಲವು ಪೆನಿಸಿಲಿನ್ನನ್ನು ಕತ್ತರಿಸುವ ರಸವನ್ನು ಇಟ್ಟುಕೊಂಡಿವೆ. ಹೊರಪೊರೆಯ ವಿದ್ಯುದಂಶವನ್ನೇ ಕುಗ್ಗಿಸಿ ಪಾಲಿಮಿಕ್ಸಿನ್ ಹಿಡಿಯದಂತೆ ಮಾಡುವ ಗುಣವೊಂದು ಒಂದು ಕ್ರಿಮಿಯಿಂದ ಇನ್ನೊಂದಕ್ಕೆ ದಾಟಬಲ್ಲುದೆಂದು 2015ರಲ್ಲಿ ಚೀನಾದಿಂದ ವರದಿ ಬಂದಿತು. ಆ ಗುಂಪಿನ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಪಕ್ಷಿಗಳಿಗೆ ಕೊಡಬಾರದೆಂದು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದುದು ಇದೇ ಭಯದಿಂದ.

ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಗೂಡಿನ ಮಾತ್ರೆಗಳ ವಿಷಯವನ್ನು ತಾವಾಗಿಯೇ ಹೇಳಿದರು. ನೆಗಡಿಯನ್ನು ತರುವ ವೈರಸ್ಸಿಗೆ ಇಂಥ ಗೋಡೆಯೇ ಇಲ್ಲ. ಆದುದರಿಂದ ಆ ಮಾತ್ರೆ ಅದಕ್ಕೆ ಏನೂ ಮಾಡದು. ಆದರೆ ಅದನ್ನು ನುಂಗಿದಾಗಲೆಲ್ಲ ಕರುಳಿನಲ್ಲಿ ತೆಪ್ಪಗಿರುವ ಕ್ರಿಮಿಗಳ ಪೈಕಿ ಎದುರಿಸಲಾರದವು ಸತ್ತು, ಎದುರಿಸಬಲ್ಲವು ಉಳಿದು ಬೆಳೆಯುತ್ತವೆ. ಈ ಜ್ವರಕ್ಕೆ ಅದೇ ಕಾರಣವೆಂದು ಖಂಡಿತವಾಗಿ ಹೇಳುವಂತಿಲ್ಲ, ಇಂಥ ಕ್ರಿಮಿಗಳು ಈಗ ಎಲ್ಲೆಡೆಯೂ ಹರಡಿವೆ ಎಂದು ವೈದ್ಯೆ ಸಮಾಧಾನ ಹೇಳಿದರು. ಆ ಸಮಾಧಾನ ಮೇಷ್ಟರಿಗೆ ಪೂರ್ತಿಯಾಗಿ ಹಿಡಿಸಲಿಲ್ಲ. ಎಷ್ಟು ಸಲ ದಂಡು ಹೂಡಿ, ಯುದ್ಧವಿಲ್ಲದೆ ಹಿಂತಿರುಗಿ, ಒಳಗಿನವರಿಗೆ ಕಾವಲು ಕಲಿಸಿದ್ದೇವೆ ಎಂದಷ್ಟೇ ಅವರು ಹೇಳಿದರು.

ಮೂರನೆಯ ದಿನ ಜ್ವರ ಇಳಿಯಿತು. ಹತ್ತನೆಯ ದಿನ ಆಕೆ ಮನೆಗೆ ಬಂದು, ದೇವರಿಗೆ ದೀಪ ಹಚ್ಚಲು ಹೋಗಿ, ಪಕ್ಕದ ಗೂಡು ಬರಿದಾಗಿರುವುದನ್ನು ಕಂಡು ಕಾರಣ ಕೇಳಿದರು. ಮೇಷ್ಟರು ಹೇಳಿದರು. ಹೊಸದುರ್ಗದ ತಂಗಿಗೂ ಅದೇ ದಿನ ಕಾಗದ ಹೋಯಿತು. ಆಕೆ ಇನ್ನೊಂದು ಸೋಂಕಿಗೆ ತುತ್ತಾದರೆ ಉಳಿದಿರುವ ಔಷಧಗಳು ಒಂದೆರಡೇ ಎಂದು ವೈದ್ಯೆ ಹೇಳಿದ್ದ ಮಾತನ್ನು ಮಾತ್ರ ಅವರು ಪತ್ನಿಗೆ ತಿಳಿಸಲಿಲ್ಲ.

ಆ ವರ್ಷ ಮೊಮ್ಮಗಳು ಕೋಟೆಯನ್ನು ನೋಡಬೇಕೆಂದಳು. ಮೇಷ್ಟರು ಕಿಂಡಿಯ ಬಳಿ ನಿಂತು ಹಳೆಯ ಕಥೆಯನ್ನು ಹಳೆಯ ಕ್ರಮದಲ್ಲಿಯೇ ಹೇಳಿದರು. ಕಂಠವೂ ಎಂದಿನಂತೆ ಏರಿತು. ಕಥೆ ಮುಗಿದ ಮೇಲೆ, ಮಗು ಒಳಗಡೆಗೆ ಓಡಿಹೋಗಿ ಒನಕೆ ಹಿಡಿದಂತೆ ನಿಂತಳು. ಮೇಷ್ಟರು ಮಾತ್ರ, ತಮ್ಮ ಜೀವಮಾನದಲ್ಲಿ ಮೊದಲನೆಯ ಸಲ, ಕಿಂಡಿಯ ಹೊರಮಗ್ಗುಲಿಗೆ ಹೋಗಿ, ಬಗ್ಗಿ, ಅದರ ಅಗಲ ಎಷ್ಟಿದೆಯೆಂದು ನೋಡಿದರು.